ಉಕ್ಕಿನ ತಂತಿ ಕಟ್ಟಿಸಿದವರು ಯಾರು

“ಹೊಸ ವಾದ್ಯ ಅಂತೀರಿ, ಕತ್ತು ಆಗಲೇ ಬಾಗಿದೆಯಲ್ಲ?”

ಗಾಂಧಿ ಬಜಾರಿನ ಇಕ್ಕಟ್ಟಾದ ವಾದ್ಯ ರಿಪೇರಿ ಅಂಗಡಿಯಲ್ಲಿ ಶಿವಯೋಗಪ್ಪ ತಲೆ ಎತ್ತದೆಯೇ ಕೇಳಿದ. ದಾಕ್ಷಾಯಣಿಯ ಮುಖ ಕೆಂಪಾಯಿತು.

“ನಾನೇನು ಬಗ್ಗಿಸಿದ್ನಾ? ಚಿಕ್ಕಪ್ಪ ಬೊಂಬಾಯಿಯಿಂದ ತಂದಾಗಲೇ ಹೀಗಿತ್ತು. ಒಂದು ಕಡೆ ಒತ್ತಿದ್ರೆ ಸಾಕು, ಒಳಗೆ ದುಂಬಿ ಹೊಕ್ಕ ಹಾಗೆ ಗುಂಯ್ ಅನ್ನುತ್ತೆ.”

ಅದು ಯುಕುಲೇಲೆ. ಗಿಟಾರಿನ ಮರಿಯಂಥ, ನಾಲ್ಕು ತಂತಿಯ ಪುಟ್ಟ ವಾದ್ಯ. ಶಿವಯೋಗಪ್ಪ ಅದನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಕತ್ತಿನುದ್ದಕ್ಕೂ ನೋಡಿದ.

“ಒಂದು ಮೆಟ್ಟು ಎದ್ದು ತಂತಿಗೆ ತಾಗ್ತಿದೆ. ಉಜ್ಜಿ ಸಮ ಮಾಡ್ತೀನಿ. ಆದ್ರೆ ನೈಲಾನ್ ತಂತಿನೇ ಇರ್ಲಿ. ವೀಣೆಯೋರು ಉಕ್ಕಿನ ತಂತಿ ಕಟ್ಟೋಕೆ ಹೋಗ್ತಾರೆ, ಆ ಎಳೆತಕ್ಕೆ ಇದರ ಕತ್ತು ಕಿತ್ತು ಬರುತ್ತೆ.”

“ವೀಣೆ ಕಲಿತೋಳಿಗೆ ತಂತಿ ಪಾಠ ಬೇಡ. ಮರ ಕೆತ್ತೋರು ಮರ ಕೆತ್ತಿದ್ರೆ ಸಾಕು.”

ಅಂದ ಮೇಲೆ ತುಟಿ ಕಚ್ಚಿಕೊಂಡಳು. ಯಾಕೆ ಹಾಗಂದೆ... ಅವನು ತಲೆ ಎತ್ತಿ ನೋಡಿದ. ಆ ಕಣ್ಣುಗಳು ಚೆನ್ನಾಗಿದ್ದವು. ಅದಕ್ಕೇ ಅವಳಿಗೆ ಇನ್ನಷ್ಟು ಸಿಟ್ಟು ಬಂತು.

ಜೊತೆಗೆ ಬಂದಿದ್ದ ಅತ್ತಿಗೆ ಮಹಾಂತಮ್ಮ ಸೆರಗಿನ ಮರೆಯಲ್ಲಿ ನಕ್ಕಳು. ಒಂದು ಮಾತನ್ನೂ ಬಿಡದೆ ಕೇಳಿಸಿಕೊಂಡಿದ್ದಳು.

ದಾಕ್ಷಾಯಣಿಗೆ ಇದ್ದದ್ದು ಒಂದೇ ದಾರಿ. ಭದ್ರಾವತಿಯ ಒಂದು ಶಾಲೆಗೆ ಸಂಗೀತದ ಟೀಚರು ಬೇಕಾಗಿದ್ದರು. ಕಮಿಟಿಯವರ ಮುಂದೆ, ಮಕ್ಕಳಿಗೆ ನುಡಿಸಿ ತೋರಿಸಬೇಕು; ಅದೇ ಪರೀಕ್ಷೆ. ಅಣ್ಣ ಜಂಬಣ್ಣ ಮೊದಲೇ ಹೇಳಿಬಿಟ್ಟಿದ್ದ: “ಕೆಲಸ ಸಿಕ್ರೆ ನಿನ್ನಿಷ್ಟ. ಸಿಗದಿದ್ರೆ ಕುಂಸಿ.”

ಕುಂಸಿ ಅಂದರೆ ಆ ಊರಿನಲ್ಲಿದ್ದ ಮಹಾಂತಮ್ಮನ ಸ್ವಂತ ಅಣ್ಣ ಉಜ್ಜನಪ್ಪನ ಜೊತೆ ಮದುವೆ. ಹೆಂಡತಿ ತೀರಿಕೊಂಡು, ಮೂರು ಮಕ್ಕಳನ್ನು ಹಿಡಿದು ಕೂತವನು.

ವಾರದ ನಡುವೆ ದಾಕ್ಷಾಯಣಿ ಅಂಗಡಿಯ ಮುಂದೆ ಹಾದುಹೋಗುವಾಗ ಶಿವಯೋಗಪ್ಪ ತಾನಾಗಿಯೇ ಕರೆದ.

“ಕೇಳಿ, ಗುಂಯ್ ನಿಂತಿದೆ.”

ಒಂದು ಸ್ವರ ಮೀಟಿದ. ತೊಳೆದಿಟ್ಟ ಹಾಗಿತ್ತು. ದಾಕ್ಷಾಯಣಿ ನಕ್ಕಳು. ತಪ್ಪಾಯ್ತು ಅನ್ನಬೇಕೆಂದುಕೊಂಡಳು. ನಾಳೆ ಹೇಳಿದರಾಯಿತು...

ಮರುದಿನ ವಾದ್ಯ ತರಲು ಹೋದವಳು ಮಹಾಂತಮ್ಮ. ಪರೀಕ್ಷೆಯ ಬೆಳಿಗ್ಗೆಯವರೆಗೂ ಅದನ್ನು ತನ್ನ ಪೆಟ್ಟಿಗೆಯಲ್ಲಿಟ್ಟು, ಹೊರಡುವ ಹೊತ್ತಿಗೆ ಕೈಗಿತ್ತಳು.

“ಉಕ್ಕಿನ ತಂತಿ ಯಾಕತ್ತಿಗೆ?”

“ಅವನೇ ಕಟ್ಟಿದ್ದಮ್ಮ. ಕತ್ತಿಗೆ ಒಳಗಿಂದ ಬಲ ಕೊಟ್ಟಿದ್ದಾನಂತೆ. ಇನ್ನು ತಾಳುತ್ತಂತೆ.”

ಅವನು ಹೇಳಿದ ಅಂದದ್ದಕ್ಕೇ ಅವಳು ನಂಬಿದಳು.

ಶಾಲೆಯಲ್ಲಿ ಹಾಡು ಅರ್ಧಕ್ಕೆ ಬಂದಿತ್ತು. ಮೊದಲು ಎಲ್ಲ ತಂತಿಗಳೂ ಗುಂಯ್‌ಗುಟ್ಟಿದವು. ಆಮೇಲೆ ಲಟಕ್ಕೆಂದು ಕತ್ತು ಬುಡದಿಂದ ಎದ್ದು ಬಂತು. ಮಕ್ಕಳು ನಕ್ಕವು. ಅವಕ್ಕಿಂತ ಜೋರಾಗಿ ಕಮಿಟಿಯವರು ನಕ್ಕರು. “ಮೊದಲು ಅದಕ್ಕೆ ಪಟ್ಟಿ ಕಟ್ಟಿಸ್ಕೊಂಡು ಬಾರಮ್ಮ” ಅಂದರು ಒಬ್ಬರು.

ಮನೆಯಲ್ಲಿ ಮಹಾಂತಮ್ಮ ಕಾದಿದ್ದಳು.

“ಅಳ್ಬೇಡ ಮಾರಾಯ್ತಿ. ನಮ್ಮಣ್ಣನ ಮನೇಲಿ ಪಾತ್ರೆ ಬೇಕಾದಷ್ಟಿವೆ, ಬಾರಿಸ್ಕೊಂಡಿರು. ಅವಕ್ಕೆ ಮುರಿಯೋಕೆ ಕತ್ತೇ ಇಲ್ಲ.”

ಜಂಬಣ್ಣ ಊಟದಿಂದ ತಲೆ ಎತ್ತಲಿಲ್ಲ. “ಶುಕ್ರವಾರ ಕುಂಸಿಯೋರು ಬರ್ತಾರೆ” ಎಂದಷ್ಟೇ ಹೇಳಿದ.

ಮಾರನೆಯ ದಿನ ದಾಕ್ಷಾಯಣಿ ಮುರಿದ ವಾದ್ಯವನ್ನು ಶಿವಯೋಗಪ್ಪನ ಮುಂದೆ ಎಸೆದಳು.

“ನನ್ನ ಬದುಕಿಗೆ ಕಲ್ಲು ಹಾಕೋವಷ್ಟು ಹಗೆನಾ ನಿಮಗೆ?”

“ನೀವೇ ಹೇಳಿ ಕಳಿಸಿದ್ರಲ್ಲ.”

“ಯಾರ ಹತ್ರ?”

“ನಿಮ್ಮ ಅತ್ತಿಗೆ ಹತ್ರ. ಮರ ಕೆತ್ತೋನು ಹೇಳಿದ್ದಕ್ಕೆಲ್ಲ ತಲೆ ಆಡಿಸಕ್ಕಾಗಲ್ಲ, ಉಕ್ಕಿಂದೇ ಕಟ್ಲಿ ಅಂದ್ರಂತೆ ನೀವು.”

ಅವಳು ಅಲ್ಲೇ ಇದ್ದ ಮಣೆಯ ಮೇಲೆ ಕೂತಳು. ಆ ಮಾತು ಅವಳದ್ದೇ ತಾನೇ. ಅತ್ತಿಗೆ ಅದನ್ನು ಎತ್ತಿಟ್ಟುಕೊಂಡು ಬೇಕಾದಾಗ ಚೂರಿ ಮಾಡಿಕೊಂಡಿದ್ದಳು.

ದಾಕ್ಷಾಯಣಿ ಮುರಿದ ಕತ್ತನ್ನು ಕೈಗೆತ್ತಿಕೊಂಡಳು. “ತಾಳಲ್ಲ ಅಂತ ನಿಮಗೆ ಗೊತ್ತಿತ್ತು.”

“ಗೊತ್ತಿತ್ತು.”

“ಆದ್ರೂ ಕಟ್ಟಿದ್ರಿ.”

“ಮುರೀಲಿ ಅಂತಲೇ ಕಟ್ಟಿದೆ. ನನ್ನ ಮುಂದೆ ನಕ್ಕು, ಹಿಂದೆ ಹೀಗಂದಳಲ್ಲ ಅಂತ ಹೊಟ್ಟೆ ಉರೀತು. ಪರೀಕ್ಷೆ ಇರೋದು ಗೊತ್ತಿರ್ಲಿಲ್ಲ. ಗೊತ್ತಿದ್ರೂ... ಆವತ್ತಿನ ಸಿಟ್ಟಿಗೆ ಏನು ಮಾಡ್ತಿದ್ದೆನೋ, ಹೇಳಲಾರೆ.”

ಇಷ್ಟು ಕಠೋರವಾದ ನಿಜವನ್ನು ಅವಳಿಗೆ ಯಾರೂ ಹೇಳಿರಲಿಲ್ಲ. ನೋವಾಯಿತು. ಆದರೂ ಎದ್ದು ಹೋಗಲಿಲ್ಲ.

“ಯಾರೋ ಒಬ್ಬಳು ಅಂದ ಮಾತಿಗೆ ಅಷ್ಟು ಉರಿನಾ?”

“ಯಾರೋ ಆಗಿದ್ರೆ ಉರೀತಿರ್ಲಿಲ್ಲ.”

ದಾಕ್ಷಾಯಣಿ ಕಣ್ಣೊರೆಸಿಕೊಂಡಳು. “ಇದನ್ನೇ ಶುಕ್ರವಾರ ನಮ್ಮನೇಲಿ, ಎಲ್ಲರ ಮುಂದೆ ಹೇಳ್ತೀರಾ?”

ಅವನು ಬಂದ. ಉಜ್ಜನಪ್ಪನ ಕಡೆಯವರು ಜಮಖಾನದ ಮೇಲೆ ಕೂತು ಉಪ್ಪಿಟ್ಟು ತಿನ್ನುತ್ತಿದ್ದರು. ಬಾಗಿಲಲ್ಲೇ ನಿಂತು, ತನ್ನ ತಪ್ಪನ್ನೂ ಮುಚ್ಚಿಡದೆ, ನಡೆದದ್ದನ್ನೆಲ್ಲ ಹೇಳಿದ.

ಜಂಬಣ್ಣ ಹೆಂಡತಿಯ ಕಡೆ ತಿರುಗಿದ. “ನಿಜನಾ?”

“ನಿಜ. ನಮ್ಮಣ್ಣನ ಮಕ್ಕಳಿಗೆ ತಾಯಿ ಬೇಕಿತ್ತು. ಏನೀಗ?” ಮಹಾಂತಮ್ಮ ಉಪ್ಪಿಟ್ಟು ಬಡಿಸುವುದನ್ನು ನಿಲ್ಲಿಸಲಿಲ್ಲ.

ಅಣ್ಣ ಈಗಾದರೂ ತನ್ನ ಕಡೆ ನಿಲ್ಲುತ್ತಾನೆ ಎಂದು ದಾಕ್ಷಾಯಣಿ ಕಾದಳು. ಅವನು ಗಂಟಲು ಸರಿಮಾಡಿಕೊಂಡ. “ಹೇಗಿದ್ರೂ ಕೆಲಸ ಸಿಗಲಿಲ್ಲವಲ್ಲ. ಆಡಿದ ಮಾತು ಮಾತೇ.”

“ಹಾಗಾದ್ರೆ ನಾನು ಬಾಗಿಲಲ್ಲಿ ನಿಂತಿರೋ ಇವರ ಜೊತೆ ಹೋಗ್ತೀನಣ್ಣ.”

“ಹೊಸ್ತಿಲು ದಾಟಿದ್ರೆ ಮತ್ತೆ ಈ ಕಡೆ ಬರ್ಬೇಡ.”

ಅವಳು ದಾಟಿದಳು. ಬೀದಿಯ ಕೊನೆಯವರೆಗೂ ಮೆಲ್ಲಗೆ ನಡೆದಳು, ಯಾರಾದರೂ ಕರೆದರೆ ಕೇಳಿಸಲಿ ಎಂದು. ಯಾರೂ ಕರೆಯಲಿಲ್ಲ. ಹಿಂದೆ ಬಾಗಿಲು ಹಾಕಿದ ಸದ್ದು ಮಾತ್ರ ಕೇಳಿಸಿತು.

ಶಿವಯೋಗಪ್ಪನ ಮನೆ ಇದ್ದದ್ದು ಭದ್ರಾವತಿಯಲ್ಲಿ. ಅಲ್ಲಿಗೆ ಹೋಗುವ ಬಸ್ಸಿನಲ್ಲಿ ಇಬ್ಬರ ನಡುವೆ ಒಬ್ಬರು ಕೂರುವಷ್ಟು ಜಾಗ ಬಿಟ್ಟು ಕೂತರು.

“ಮೊದಲು ಮಠಕ್ಕೆ ಹೋಗಿ ಸ್ವಾಮಿಗಳ ಮುಂದೆ ಮದುವೆ ಆಗೋಣ,” ಎಂದ ಶಿವಯೋಗಪ್ಪ. “ಆಮೇಲೇ ಮನೆ. ಒಂದು ಮಾತು ಹೇಳ್ಬಿಡ್ತೀನಿ, ನಮ್ಮಮ್ಮನ ಬಾಯಿ ಜೋರು.”

“ಬೈಸ್ಕೊಂಡು ನನಗೆ ಅಭ್ಯಾಸ ಇದೆ ಬಿಡಿ.”

“ಅಭ್ಯಾಸ ಇದೆ ಅಂತ ಸುಮ್ನಿರ್ಬೇಡಿ. ನನ್ನ ಕರೀರಿ.”

“ಕರೆದ್ರೆ ಬರ್ತೀರಾ?”

“ಬರ್ತೀನಿ.”

ಅವಳು ಕಿಟಕಿಯ ಕಡೆ ಮುಖ ತಿರುಗಿಸಿ ಬಹಳ ಹೊತ್ತು ಅತ್ತಳು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, ನಡುವಿನ ಜಾಗಕ್ಕೆ ಸರಿದು ಕೂತಳು.