ಖಾಲಿ ಕುರ್ಚಿಯ ಮೇಲಿನ ದೀಪ

ಖೂಬಾ ಪ್ಲಾಟ್ ಬಡಾವಣೆಯ ನಮ್ಮ ಮನೆಗೆ ಬಂದ ಸುಷ್ಮಿತಾ ಚಹಾ ಕೂಡ ಮುಟ್ಟಲಿಲ್ಲ. ಕಮಲಾಪುರದ ನಾಟಕ ಸಂಘದ ಹೊಸ ನಾಯಕಿ ನಟಿ ಅವಳು.

"ನಾ ರಂಗಕ್ಕ ಬಂದ್ರ ಸಾಕು, ಸತ್ತವರ ಕುರ್ಚಿ ಮ್ಯಾಲ ದೀಪ ಹತ್ತತದ್ರಿ. ನಾಳಿ ಪಾತ್ರ ಕಸ್ಕೋತಾರಂತ," ಎಂದಳು.

ಕುರ್ಚಿ ಸಂಘದ ಹಿರಿಯ ನಟಿ ಶಿವಕಾಂತಮ್ಮನವರದು. ಹೋದ ವರ್ಷ ತೀರಿಕೊಂಡರು. ರಂಗದ ಪಕ್ಕದ ಆ ಕುರ್ಚಿಗೆ ಹೂ ಏರಿಸದೆ ತಾಲೀಮು ಶುರುವಾಗುವುದಿಲ್ಲ. ಅವರು ಮಾಡುತ್ತಿದ್ದ ಪಾತ್ರವೇ ಈಗ ಸುಷ್ಮಿತಾಳದು. ಶಿವಕಾಂತಮ್ಮನವರ ಮಗನೂ ಸಂಘದ ಯಜಮಾನನೂ ಆದ ಅಮರನಾಥ, ಅವ್ವನಿಗೆ ಈ ಹುಡುಗಿ ಸೇರುತ್ತಿಲ್ಲವೆಂದು ತೀರ್ಮಾನಿಸಿಬಿಟ್ಟಿದ್ದ.

ದೆವ್ವವೆಂದರೆ ನನಗೆ ಹೆದರಿಕೆ. ನನ್ನ ಅಣ್ಣನ ಹೆಂಡತಿ, ನಮ್ಮ ವಿದ್ಯಾವತಿ ವೈನಿ, ಹಾಗಲ್ಲ. ಪೊಲೀಸ್ ವೈರ್‌ಲೆಸ್ ವಿಭಾಗದಲ್ಲಿ ದುಡಿದವರು; ಸುಷ್ಮಿತಾ ಬಂದದ್ದೂ ಅವರನ್ನು ಹುಡುಕಿಕೊಂಡೇ. ಬೇಡವೆಂದರೂ ನನ್ನನ್ನು ಎಳೆದುಕೊಂಡೇ ಹೊರಟರು.

ಮಧ್ಯಾಹ್ನವಾದರೂ ಕರಿ ಪರದೆ ಬಿಟ್ಟ ಸಭಾಂಗಣದಲ್ಲಿ ಕತ್ತಲು. ಬಾಡಿದ ಮಲ್ಲಿಗೆಯ ವಾಸನೆ. ಬೆಳಕಿನ ಬೋರ್ಡಿನ ಮುಂದೆ ಶಿವಕಾಂತಮ್ಮನ ಗಂಡ ನಾಗಣ್ಣ ಕೂತಿದ್ದರು. ಪಕ್ಕದಲ್ಲಿ ದೀಪಗಳನ್ನು ಬಾಡಿಗೆಗೆ ತರುವ ಪರ್ವೇಜ್. ಅವನಿಗೂ ಸುಷ್ಮಿತಾಳಿಗೂ ಜಗಳವಾಗಿತ್ತು, ಹಾಗಾಗಿ ನನ್ನ ಅನುಮಾನ ಅವನ ಮೇಲೆ.

ಸುಷ್ಮಿತಾ ಬಂದಳು. ನೀಲಿ ಬೆಳಕು ಅವಳ ಮೇಲೆ ಇಳಿಯಿತು. ಅದೇ ಗಳಿಗೆಗೆ ಖಾಲಿ ಕುರ್ಚಿಯೂ ನೀಲಿಯಾಯಿತು. ಅದರ ಮೇಲೆ ಹೊದಿಸಿದ್ದ ಸೀರೆ ಉಸಿರಾಡಿದಂತೆ ನನಗೆ ಕಂಡಿತು. ಬೋರ್ಡಿನಲ್ಲಿ ಆ ದೀಪವನ್ನು ಏರಿಸಿ ಇಳಿಸುವ ಸ್ಲೈಡರೇ ಇಲ್ಲ ಎಂದು ಅಮರನಾಥ ಪಿಸುಗುಟ್ಟಿದ. ನಾನು ವೈನಿಯ ಸೆರಗು ಹಿಡಿದೆ.

ವೈನಿ ಸುಷ್ಮಿತಾಳ ದೀಪವನ್ನು ಅರ್ಧಕ್ಕೆ ಇಳಿಸಲು ಹೇಳಿದರು. ಕುರ್ಚಿಯ ಬೆಳಕೂ ಅರ್ಧಕ್ಕಿಳಿಯಿತು. ಆಮೇಲೆ ತಾವು ಹೋಗಿದ್ದ ಸೇಡಂ ರಸ್ತೆಯ ಮದುವೆಯೊಂದರಲ್ಲಿ ಪರ್ವೇಜನ ದೀಪಗಳು ಯಾಕೆ ಪಿಳಿಪಿಳಿ ಎನ್ನುತ್ತಿದ್ದವೆಂದು ಕೇಳಿದರು. ಪಿಳುಕುವುದನ್ನು ತಡೆಯುವ ಟರ್ಮಿನೇಟರ್ ಪ್ಲಗ್ಗನ್ನು ದೀಪಗಳ ಸಾಲಿನ ತುದಿಗೆ ಹಾಕುವ ಗೋಜಿಗೆ ತಾನು ಹೋಗುವುದೇ ಇಲ್ಲವೆಂದು ಅವನು ನಕ್ಕ. ವೈನಿ ಎರಡೂ ದೀಪಗಳನ್ನು ಕಂಬಿಯಿಂದ ಕೆಳಗಿಳಿಸಿ ಹಿಂಬದಿಯ ನಂಬರು, ಕೇಬಲ್ ನೋಡಿದರು. ಬಳಿಕ ಎಲ್ಲರನ್ನೂ ಕುರ್ಚಿಯ ಸುತ್ತ ಕರೆದರು.

"ಹುಕುಂ ಒಯ್ಯೋ ಡಿಎಂಎಕ್ಸ್ ಕೇಬಲ್ ಬೋರ್ಡಿನಿಂದ ಒಂದು ದೀಪಕ್ಕ, ಅಲ್ಲಿಂದ ಮುಂದಿನ ದೀಪಕ್ಕ ಹೋಗ್ತದ. ಬೋರ್ಡಿನ ಹುಕುಂ ಎಲ್ಲಾ ದೀಪಕ್ಕೂ ಮುಟ್ಟತದ, ಆದ್ರ ಒಂದೊಂದು ದೀಪ ತನ್ನ ನಂಬರಿನ ಹುಕುಂ ಅಷ್ಟೇ ಕೇಳ್ತದ. ಸುಷ್ಮಿತಾನ ದೀಪದ ನಂಬರೂ ಕುರ್ಚಿ ದೀಪದ ನಂಬರೂ ಒಂದೇ ಅದ. ಒಂದೇ ಸ್ಲೈಡರಿಗೆ ಎರಡೂ ಹತ್ತತಾವ."

ಇದನ್ನು ಜೋಡಿಸಿದವರು ಯಾರು ಎಂಬುದಕ್ಕೂ ದೀಪವೇ ಸಾಕ್ಷಿ ಎಂದರು. ಮೊದಲು ಸಾಲಿನ ಕೊನೆಯಲ್ಲಿದ್ದದ್ದು ಸುಷ್ಮಿತಾಳ ದೀಪ. ಅದರ ಟರ್ಮಿನೇಟರ್ ಬಿಚ್ಚಿ, ಅಲ್ಲಿಂದ ಕುರ್ಚಿಯ ದೀಪಕ್ಕೆ ಕೇಬಲ್ ಎಳೆದು, ಅದೇ ಪ್ಲಗ್ಗನ್ನು ಹೊಸ ತುದಿಗೆ ಹಾಕಲಾಗಿತ್ತು. ಹೆದರಿಸಲು ಬಂದವನಿಗೆ, ಅದರಲ್ಲೂ ಪರ್ವೇಜನಿಗೆ, ಅಷ್ಟು ಅಚ್ಚುಕಟ್ಟು ಎಲ್ಲಿಂದ ಬರಬೇಕು? ದೀಪ ಪಿಳುಕದೆ ನಿಲ್ಲಲಿ ಎಂದು ಬಯಸಿದ ಕೈ ಅದು. ಇಲ್ಲಿ ದೀಪ ಮುಟ್ಟುವವರು ಇಬ್ಬರೇ.

ನಾಗಣ್ಣ ಸುಷ್ಮಿತಾಳ ಕಡೆ ತಿರುಗಿದರು.

"ಅಕಿ ಪಾತ್ರ ನಡೀವಾಗ ಅಕಿ ಕುರ್ಚಿ ಕತ್ತಲದಾಗ ಯಾಕಿರಬೇಕಂತ ಹಚ್ಚಿದೆ. ಎಲ್ಲಾರೂ 'ಶಿವಕಾಂತಮ್ಮ ಬಂದಾಳ' ಅನ್ನಾಕತ್ತಿದ್ರು. ಹಂಗಂದಾಗ ಖರೇನ ಬಂದಂಗ ಆಗ್ತಿತ್ತವ್ವಾ. ಅದಕ್ಕ ಬಾಯಿ ಬಿಡಲಿಲ್ಲ. ನಿನ್ನ ಪಾತ್ರ ಹೋಗ್ತದಂತ ಗೊತ್ತಾದ ಮ್ಯಾಲೂ ಬಿಡಲಿಲ್ಲ."

ನನಗೆ ಸಿಟ್ಟೂ ಬಂತು, ಅಳುವೂ ಬಂತು. ಅಮರನಾಥ ದೀಪವನ್ನು ಕಿತ್ತೆಸೆಯಲು ಹೊರಟ. ಸುಷ್ಮಿತಾ ಅಡ್ಡ ಬಂದಳು.

"ಇರ್ಲಿ ಬಿಡ್ರಿ. ಅದಕ್ಕ ಬ್ಯಾರೆ ನಂಬರ್ ಕೊಡ್ರಿ."

ಪಾತ್ರ ಅವಳಿಗೇ ಉಳಿಯಿತು. ಪ್ರದರ್ಶನದ ದಿನ ನಾಗಣ್ಣ ಎಲ್ಲರೆದುರಿಗೆ ಕುರ್ಚಿಯ ಹೊಸ ಸ್ಲೈಡರನ್ನು ಮೇಲೇರಿಸಿ, ಬೆಳಗಿದ ಸೀರೆಯನ್ನು ಸ್ವಲ್ಪ ಹೊತ್ತು ನೋಡಿದರು. ಸುಷ್ಮಿತಾಳ ಗೆಜ್ಜೆ ಸದ್ದು ಕೇಳಿದಾಗ ತಾವೇ ಅದನ್ನು ನಿಧಾನವಾಗಿ ಇಳಿಸಿದರು.