ಬಾಣಂತಿ ಕೋಣೆಯ ಕಿಂಡಿ

ಮದುವೆಯಾಗಿ ಮೂಡುಬಿದಿರೆಗೆ ಬಂದ ಮೇಲೆ ತನ್ನ ದನಿ ಗಂಟಲು ದಾಟುವುದನ್ನೇ ಮರೆತಿದೆಯೇನೋ ಎಂಬ ಸಣ್ಣ ಅಂಜಿಕೆ ಮನೋರಮಾಳಿಗೆ. ಮಂಗಳೂರಿನಲ್ಲಿ ಬಿ.ಎಸ್ಸಿ. ಮುಗಿಸಿದವಳು. ಈ ಮನೆಯಲ್ಲಿ ಎಲ್ಲದಕ್ಕೂ ಹೂಂಗುಟ್ಟುತ್ತಾಳೆ, ಒಳಗೊಳಗೇ ನಗುತ್ತಾಳೆ.

"ಬಾಣಂತಿ ಕೋಣೆಯ ಕಿಂಡಿ ಮುಚ್ಚಬಾರದು," ಅತ್ತೆ ತ್ರಿಶಲಮ್ಮ ಪಿಸುಗುಟ್ಟಿದ್ದರು. "ಹಿಂದೆ ಯಾರೋ ಮಾಟ ಹೂತಿದ್ದಾರೆ ಅಲ್ಲಿ. ಮುಚ್ಚಿದರೆ ಅದು ಒಳಗೇ ಕೂರ್ತದೆ. ನನ್ನ ಓರಗಿತ್ತಿ ಅಲ್ಲಿಯೇ ಹೋದದ್ದು. ಹೆಣದ ಕೆನ್ನೆ ಕುಂಕುಮದ ಹಾಗೆ ಇತ್ತು."

ದೆವ್ವಕ್ಕೂ ಗಾಳಿ ಬೇಕಂತೆ, ಪಾಪ, ಎಂದುಕೊಂಡಳು ಮನೋರಮಾ.

ಹೆರಿಗೆಗೆ ತವರಿಗೆ ಬಂದು ಈಗ ಬಾಣಂತಿಯಾಗಿದ್ದ ನಾದಿನಿ ಅನಂತಮತಿ ಆ ಕೋಣೆಯಲ್ಲಿ ಆಟಿ ತಿಂಗಳ ಮಳೆಗಾಳಿಗೆ ನಡುಗುತ್ತಿದ್ದಳು. ಮಧ್ಯಾಹ್ನ ಅತ್ತೆ ಮಗುವನ್ನು ಮೀಯಿಸಲು ಒಯ್ದದ್ದೇ ತಡ, ಮನೋರಮಾ ಮಣೆ ಹತ್ತಿ ಕಿಂಡಿಗೆ ಗೋಣಿ ತುರುಕಿದಳು. ಬಾಗಿಲ ಅಗುಳಿ ಹಾಕಿ, ಅಗ್ಗಿಷ್ಟಿಕೆಗೆ ಇದ್ದಿಲು ಸುರಿದಳು. ಬೆಳ್ಳುಳ್ಳಿ ಎಣ್ಣೆಯ ಕಮಟು ಬಿಟ್ಟರೆ ಬೇರೆ ವಾಸನೆಯಿಲ್ಲ. ಹೊಗೆಯಿಲ್ಲ. ಹೊಗೆಯಿಲ್ಲದ ಮೇಲೆ ಭಯವೇನು?

"ಅತ್ತಿಗೆ, ತಲೆ ಸಿಡೀತದೆ."

"ಮಲಗು, ಬೆಚ್ಚಗಾದರೆ ಸರಿಯಾಗ್ತದೆ."

ಸ್ವಲ್ಪ ಹೊತ್ತಿಗೆ ಮನೋರಮಾಳ ಕಣತಲೆಯೂ ಬಡಿಯತೊಡಗಿತು. ಕಿವಿಯೊಳಗೆ ಯಾರೋ ಉಸಿರಾಡಿದ ಹಾಗೆ. ದೀಪ ಎರಡಾಯಿತು, ಮತ್ತೆ ಒಂದಾಯಿತು. ಎದೆಯ ಮೇಲೆ ಏನೋ ಬಂದು ಕೂತಿತು. ಅನಂತಮತಿ ಮಾತಿಲ್ಲದೆ ಬಿದ್ದಿದ್ದಳು. ಅವಳ ಕೆನ್ನೆ ಕೆಂಪಗೆ, ಮದುಮಗಳ ಕೆನ್ನೆಯಂತೆ ಚೆಂದ.

ಕುಂಕುಮದ ಹಾಗೆ.

ಆಗ ನೆನಪಾಯಿತು, ಪರೀಕ್ಷೆಗೆಂದು ಬಾಯಿಪಾಠ ಮಾಡಿದ ಸಾಲು. ಗಾಳಿಯಾಡದೆ ಉರಿವ ಇದ್ದಿಲಿನ ಅನಿಲ. ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಆಮ್ಲಜನಕದ ಜಾಗ ಕಸಿದುಕೊಂಡು ಕೂರುತ್ತದೆ, ಮೈ ಕೆಂಪಗಾಗಿಸುತ್ತದೆ. ಅಂಕ ಚೆನ್ನಾಗಿಯೇ ಬಿದ್ದಿತ್ತು.

ಏಳಬೇಕು. ಕಾಲು ತನ್ನದಲ್ಲ. ತೆವಳಿದಳು. ಬಾಗಿಲು ದೂರ ಸರಿಯಿತು. ಬೆರಳಿಗೆ ಅಗುಳಿ ಸಿಕ್ಕಿತು. ಜಾರಿತು. ಮತ್ತೆ ಸಿಕ್ಕಿತು. ಹೊಸ್ತಿಲು. ಗಾಳಿ.

ಕಣ್ಣು ಬಿಟ್ಟಾಗ ಚಾವಡಿಯಲ್ಲಿ ಮಂತ್ರವಾದಿ ಧರ್ಣಪ್ಪ ಭಸ್ಮ ಎರಚುತ್ತಿದ್ದ. ಪಕ್ಕದಲ್ಲಿ ಅನಂತಮತಿಗೂ ಎಚ್ಚರವಾಗಿತ್ತು. ಅತ್ತೆ ಮಗುವನ್ನು ಅವಳ ಮಡಿಲಿಗೆ ತಂದರು. ಅವಳು ಅದನ್ನೇ ನೋಡಿದಳು.

"ಇದು ಯಾರದ್ದು?"

ಅತ್ತೆಯ ಮುಖ ಬಿಳಿಚಿತು.

"ಮಾತಾಡುವುದು ನಿಮ್ಮ ಮಗಳಲ್ಲ ಅಮ್ಮ," ಎಂದ ಧರ್ಣಪ್ಪ. "ಒಳಗೇ ಕೂತಿದೆ. ಅದೇ ಕೋಣೆಗೆ ಒಯ್ಯಿರಿ. ಬಾಗಿಲು, ಕಿಂಡಿ ಎಲ್ಲ ಮುಚ್ಚಿ. ಕೆಂಡಕ್ಕೆ ಮೆಣಸು ಹಾಕ್ತೇನೆ, ಹೇಗೆ ಹೋಗುವುದಿಲ್ಲ ನೋಡುವ."

"ಕಿಂಡಿ ತನ್ನಷ್ಟಕ್ಕೇ ಮುಚ್ಚಿಕೊಂಡಿತ್ತು ಮಾರಾಯ," ಅತ್ತೆ ನಡುಗಿದರು.

ಇಬ್ಬರು ಆಳುಗಳು ಅನಂತಮತಿಯನ್ನು ಎತ್ತಿದರು. ಒಳಗೆ ಕೆಂಡ ಇನ್ನೂ ಕೆಂಪಗಿತ್ತು. ಸುಮ್ಮನಿದ್ದರೆ ಮನೋರಮಾಳ ಮೇಲೆ ಯಾವ ತಪ್ಪೂ ಬರುವುದಿಲ್ಲ. ಎಲ್ಲ ಮಾಟದ ತಲೆಗೆ. ಧರ್ಣಪ್ಪನ ಭಸ್ಮ, ಅತ್ತೆಯ ನಡುಕ, ಎಲ್ಲವೂ ಅವಳಿಗೆ ಹೇಸಿಗೆಯೇ. ಆದರೆ ಅವೆಲ್ಲಕ್ಕಿಂತ ಹೇಸಿಗೆಯದ್ದು ತನ್ನ ಈ ಮುಚ್ಚಿದ ಬಾಯಿ.

ಗೋಡೆ ಹಿಡಿದು ಎದ್ದಳು. ಬಾಗಿಲಿಗೆ ಅಡ್ಡ ನಿಂತಳು.

"ಮಾಟ ಅಲ್ಲ ಅತ್ತೆ, ಕೆಂಡದ ವಿಷ. ಗೋಣಿ ತುರುಕಿದ್ದು ನಾನು."