ಹಗ್ಗದ ಗುರುತು

೧೯೫೨ರಲ್ಲಿ ನಾನು, ವೃಷಭೇಂದ್ರಪ್ಪ, ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಹೊಸ ಲೆಕ್ಚರರ್. ಚಾಮರಾಜಪೇಟೆಯಲ್ಲಿ ಪಾತ್ರೆ ಮಾಡುವ ನಂಜುಂಡಯ್ಯನವರಿಂದ ತೆಳು ತಾಮ್ರದ ಸಿಲಿಂಡರುಗಳನ್ನು ಮಾಡಿಸುತ್ತಿದ್ದೆ. ಅವನ್ನು ಟ್ಯಾಂಕಿನಲ್ಲಿ ಮುಳುಗಿಸಿ, ಸುತ್ತಲಿನ ನೀರು ಎಷ್ಟು ಒತ್ತಿದರೆ ಕುಸಿಯುತ್ತವೆಂದು ನೋಡುವುದು ನನ್ನ ಕೆಲಸ. ಒಂದು ಸಲ ಹೋದರೆ ಸಾಕಿದ್ದಲ್ಲಿ ನಾಲ್ಕು ಸಲ ಹೋಗುತ್ತಿದ್ದೆ. ಕಾರಣ, ಅವರ ಮಗಳು ಗಿರಿಜಾಂಬಾ.

ಸಿಲಿಂಡರು ಸರಿಯಾಗಿ ದುಂಡಗಿದೆಯೇ ಎಂದು ಅಳೆಯುವವಳು ಅವಳೇ. ಅಳೆಯುತ್ತಲೇ ಓರೆಗಣ್ಣಲ್ಲಿ ನೋಡಿ, ಕಾಲೇಜಿನಲ್ಲಿ ಪಾಠಗೀಠ ಇಲ್ಲವೇ ಎಂದು ಕೇಳುತ್ತಿದ್ದಳು. ನನ್ನ ಕಿವಿ ಕೆಂಪಾದದ್ದನ್ನೂ ನೋಡಿ ತುಟಿ ಕಚ್ಚಿ ನಗುತ್ತಿದ್ದಳು.

ಅಂದು ಸಿಲಿಂಡರನ್ನು ಸೈಕಲ್ಲಿನ ಕ್ಯಾರಿಯರಿಗೆ ಕಟ್ಟುತ್ತಿದ್ದೆ.

“ಹಗ್ಗ ಬಿಗೀಬೇಡಿ. ಜಟಕಾದಲ್ಲಿ ತೊಡೆ ಮೇಲೆ ಇಟ್ಕೊಂಡು ಹೋಗಿ,” ಎಂದಳು.

ಅವಳೆದುರು ಜಂಬದಿಂದ ಸೈಕಲ್ ಹತ್ತುವ ಚಪಲ ನನಗೆ. ಬಿಗಿದೇ ಹೊರಟೆ.

ಕಾಲೇಜಿನ ಟ್ಯಾಂಕಿನಲ್ಲಿ ಹುಡುಗರೆದುರು ಮುಳುಗಿಸಿದಾಗ, ಲೆಕ್ಕ ಹಾಕಿದ್ದರ ಅರ್ಧ ಒತ್ತಡಕ್ಕೇ ಸಿಲಿಂಡರು ಡಬ್ಬನೆ ಒಳಕ್ಕೆ ಕುಸಿಯಿತು. ಯಾಕೆಂದು ಪ್ರಿನ್ಸಿಪಾಲರು ಕೇಳಿದರು. ಪಾತ್ರೆಯವರ ಕೆಲಸ ಸರಿಯಿಲ್ಲ ಎಂದು ಇಡೀ ಕ್ಲಾಸಿನೆದುರು ಹೇಳಿಬಿಟ್ಟೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಮೂವತ್ತು ವರ್ಷದ ಕೆಲಸದಲ್ಲಿ ಯಾರಿಂದಲೂ ಒಂದು ಮಾತು ಅನ್ನಿಸಿಕೊಳ್ಳದ ನಂಜುಂಡಯ್ಯನವರಿಗೆ ಇನ್ನು ಕೆಲಸ ಕೊಡಕೂಡದೆಂದು ಆರ್ಡರಾಯಿತು.

ಸಂಜೆ, ಮುದುಡಿದ ತಾಮ್ರವನ್ನು ಮೇಜಿನ ಮೇಲಿಟ್ಟು ನೋಡಿದೆ. ಕುಸಿತ ಶುರುವಾದ ಕಡೆಯೇ ಹಗ್ಗದ ಹುರಿಯ ಗುರುತು. ಒಳಗಿನಿಂದ ಒತ್ತಿದರೆ ತಗ್ಗು ಉಬ್ಬಿ ನೆಟ್ಟಗಾಗುತ್ತದೆ. ಹೊರಗಿನಿಂದ ಒತ್ತುವ ನೀರಿಗೆ ಕೂದಲೆಳೆಯಷ್ಟು ತಗ್ಗು ಸಿಕ್ಕರೂ ಸಾಕು, ಅಲ್ಲಿಂದಲೇ ಒಳಕ್ಕೆ ಮಡಿಸಿಬಿಡುತ್ತದೆ. ಇದನ್ನೇ ಹುಡುಗರಿಗೆ ಪಾಠ ಹೇಳುತ್ತಿದ್ದವನು ನಾನು. ನಾಚಿಕೆಯಿಂದ ಎರಡು ದಿನ ಊಟ ಸೇರಲಿಲ್ಲ.

ಮೂರನೆಯ ದಿನ ಗಿರಿಜಾಂಬಾಳ ಮುಂದೆ ನಿಂತು ಎಲ್ಲವನ್ನೂ ಹೇಳಿದೆ. ಅವಳು ನಗಲಿಲ್ಲ.

“ನನ್ನ ಹತ್ರ ಯಾಕೆ ಹೇಳ್ತೀರಿ? ಯಾರ ಮುಂದೆ ಅಪ್ಪನ ಹೆಸರು ಕೆಡಿಸಿದ್ರೋ, ಅವರ ಮುಂದೆ ಹೇಳಿ.”

ಮರುದಿನ ಅಪ್ಪ ಮಗಳಿಬ್ಬರನ್ನೂ ಕಾಲೇಜಿಗೆ ಕರೆತಂದು, ಪ್ರಿನ್ಸಿಪಾಲರ ಮುಂದೆ, ಅದೇ ಕ್ಲಾಸಿನ ಮುಂದೆ, ತಪ್ಪು ನನ್ನದೆಂದು ಹೇಳಿದೆ. ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು. ಪ್ರಿನ್ಸಿಪಾಲರು ಆರ್ಡರ್ ವಾಪಸ್ ಪಡೆದರು. ನಂಜುಂಡಯ್ಯನವರು ಮಾತ್ರ ನನ್ನ ಮುಖವನ್ನೂ ನೋಡದೆ ಹೊರಟುಹೋದರು.

ಗಿರಿಜಾಂಬಾ ಬಾಗಿಲಲ್ಲಿ ನಿಂತಿದ್ದಳು. ಅವಳನ್ನು ನೋಡುವ ಮುಖ ನನಗಿರಲಿಲ್ಲ. ಇನ್ನು ನಿಮ್ಮ ಮನೆಯ ಕಡೆ ಬರುವುದಿಲ್ಲ ಎಂದೆ.

“ನಿಮ್ಮನ್ನ ಮೆಚ್ಚಿದ್ದೆ. ಅದಕ್ಕೇ ಅಷ್ಟು ನೋವಾಯ್ತು,” ಎಂದಳು. ಕಣ್ಣು ತುಂಬಿತ್ತು. “ಅಪ್ಪನ ಸಿಟ್ಟು ಇಳಿಯೋಕೆ ದಿನ ಹಿಡಿಯುತ್ತೆ. ಅಷ್ಟು ದಿನಾನೂ ಬನ್ನಿ. ಬೈದ್ರೆ ಬೈಸ್ಕೊಳ್ಳಿ. ಆಮೇಲೆ, ಮಗಳನ್ನ ಕೊಡ್ತೀರಾ ಅಂತ ಕೇಳಿ.”